ನೀರು ನಿಲ್ಲಿಸುವ ಕಾಲ

ನಾನು ಗೆದ್ದ ಮೊದಲ ವಾದಕ್ಕೆ ಬಹುಮಾನವಾಗಿ ಬಂದದ್ದು ಹಸಿರು ಬಣ್ಣದ ಒಂದು ಪ್ಲಾಸ್ಟಿಕ್ ನೀರಿನ ಬಾಟಲಿ. ಆಗ ನನಗೆ ಒಂಬತ್ತು ವರ್ಷ. ಆಮೇಲೆ ಪುಣೆಯ ಕಾಲೇಜಿನಲ್ಲಿ ಮೂರು ವರ್ಷ ಚರ್ಚಾ ತಂಡದಲ್ಲಿದ್ದು ಹಲವು ಕಪ್‌ಗಳನ್ನು ಗೆದ್ದೆ. ಅವು ಯಾರ ಬದುಕನ್ನೂ ಅಲುಗಿಸಲಿಲ್ಲ. ಅಲುಗಿಸಿದ್ದು ಆ ಬಾಟಲಿ ಗೆದ್ದ ವಾದ ಒಂದೇ. ಬಾಲ್ಯದ ಬಗ್ಗೆ ಬರೆಯುವವರು ತಮ್ಮನ್ನು ತಿದ್ದಿದ ಅಜ್ಜಿಯನ್ನೋ ಮೇಷ್ಟರನ್ನೋ ನೆನೆಯುತ್ತಾರೆ. ನನ್ನನ್ನು ತಿದ್ದಿದ್ದು ಒಂದು ತಪ್ಪು. ಮಾಡಿದವಳು ನಾನು, ಅನುಭವಿಸಿದವಳು ಮಾಳತ್ತೆ, ಅಂದರೆ ಅಪ್ಪನ ತಂಗಿ ಮಾಳವ್ವ. ಇದನ್ನು ಓದಿದವರು ಕೊನೆಗೆ ದೇವರನ್ನೋ ಮೂಢನಂಬಿಕೆಯನ್ನೋ ಬೈಯಬಹುದು. ಅದು ಸುಲಭ, ಆದರೆ ಸರಿಯಲ್ಲ. ಯಾಕೆ ಸರಿಯಲ್ಲ ಎಂದು ತೋರಿಸುವುದೇ ಈ ಅಧ್ಯಾಯದ ಕೆಲಸ.

ಯಾದಗಿರಿ ಕಡೆಯಿಂದ ಮಹಾರಾಷ್ಟ್ರಕ್ಕೆ ದುಡಿಯಲು ಬಂದ ನಾವು ಜೇಜುರಿಯ ಗುಡ್ಡ ಕಾಣುವಷ್ಟು ದೂರದ ಒಂದು ಹಣ್ಣಿನ ತೋಟದಲ್ಲಿದ್ದೆವು. ಅಪ್ಪ ತೋಟದಲ್ಲೇ ಇದ್ದು ನೋಡಿಕೊಳ್ಳುವ ಆಳು, ಅವ್ವ ಅವನ ಜೊತೆಗೆ ದುಡಿಯುವವಳು. ಮನೆ ಎಂದರೆ ಬಾವಿಯ ಪಕ್ಕದ ತಗಡಿನ ಶೆಡ್ಡು. ಅದರಲ್ಲಿ ಅರ್ಧ ತೋಟದ್ದು, ಅರ್ಧ ನಮ್ಮದು. ತೋಟದ ಅರ್ಧದಲ್ಲಿ ಔಷಧ ಹೊಡೆಯುವ ಪಂಪು, ಸುರುಳಿ ಸುತ್ತಿದ ಡ್ರಿಪ್ ಪೈಪು, ಗಿಡದ ಕಾಂಡಕ್ಕೆ ಬಳಿಯುವ ಮೈಲುತುತ್ತ, ಸುಣ್ಣದ ಚೀಲ. ನಮ್ಮ ಅರ್ಧದಲ್ಲಿ ಒಲೆ, ಎರಡು ಟ್ರಂಕು, ಹಾಸಿಗೆಯ ಸುರುಳಿ, ತಗಡಿಗೆ ತೂಗುಹಾಕಿದ ಮೈಲಾರಲಿಂಗನ ಪಟ. ನಡುವಿನ ಗೋಡೆ ಹಣ್ಣು ತುಂಬುವ ಖಾಲಿ ಕ್ರೇಟುಗಳದು; ಒಂದರ ಮೇಲೊಂದು ಪೇರಿಸಿ ಮಾಡಿದ್ದು. ಹಣ್ಣು ಇಳಿಸುವ ದಿನಗಳಲ್ಲಿ ಕ್ರೇಟುಗಳು ತೋಟಕ್ಕೆ ಹೋಗುತ್ತಿದ್ದವು, ಗೋಡೆ ಇಲ್ಲವಾಗುತ್ತಿತ್ತು. ಹಣ್ಣು ಮುಗಿದಾಗ ಗೋಡೆ ಮತ್ತೆ ಮೇಲೇರುತ್ತಿತ್ತು. ನಮ್ಮ ಮನೆಯ ಗೋಡೆ ಕಾಲಕ್ಕೆ ತಕ್ಕ ಹಾಗೆ ಏರಿ ಇಳಿಯುತ್ತಿತ್ತು ಎಂದರೆ ಕಾಲೇಜಿನ ಗೆಳತಿಯರು ಅದನ್ನು ಕವಿತೆ ಎಂದುಕೊಂಡರು. ಅವ್ವನಿಗೆ ಅದು ಸೀರೆ ಬದಲಿಸಲು ಮರೆಯಿಲ್ಲದ ಮೂರು ತಿಂಗಳು. ಊಟ ಎರಡು ಹೊತ್ತು: ಬೆಳಿಗ್ಗೆ ಜೋಳದ ರೊಟ್ಟಿ, ಸಂಜೆ ಜೋಳದ ರೊಟ್ಟಿ, ಜೊತೆಗೆ ಹಿಂಡಿಪಲ್ಲೆ ಅಥವಾ ಬೇಳೆ. ಸುತ್ತಲೂ ಹಣ್ಣಿತ್ತು, ನಮ್ಮ ತಟ್ಟೆಯಲ್ಲಿ ಹಣ್ಣು ಇರಲಿಲ್ಲ. ಒಡೆದದ್ದು, ಹಕ್ಕಿ ಕಚ್ಚಿದ್ದು ಮಾತ್ರ ನಮ್ಮದು.

ತೋಟಕ್ಕೂ ಎರಡು ಭಾಗ. ಬಾವಿಯ ಈಚೆ ಅಂಜೂರ, ಆಚೆ ಸೀತಾಫಲ, ನಡುವೆ ಒಂದು ಒಡ್ಡು. ಮಳೆಗಾಲದಲ್ಲಿ ಎರಡೂ ಕಡೆ ಒಂದೇ ಹಸಿರು, ಒಂದೇ ಕೆಸರು. ಚಳಿ ಬಂದ ಮೇಲೆ ಎರಡರ ದಾರಿ ಬೇರೆಯಾಗುತ್ತಿತ್ತು. ಅಂಜೂರ ಕಾಯಿ ಕಟ್ಟುವ ಕಾಲವೆಂದು ಅದಕ್ಕೆ ದಿನಬಿಟ್ಟು ದಿನ ನೀರು. ಸೀತಾಫಲದ ಹಣ್ಣು ಮುಗಿದಿರುತ್ತಿತ್ತು, ಅದಕ್ಕೆ ನೀರು ಬಂದ್. ಮರಾಠಿಯಲ್ಲಿ ಇದಕ್ಕೆ ತಾಣ್ ಕೊಡುವುದು ಎನ್ನುತ್ತಾರೆ; ಗಿಡವನ್ನು ಬೇಕೆಂದೇ ಬಾಯಾರಿಸುವುದು. ಎರಡು ತಿಂಗಳು ಹನಿ ನೀರಿಲ್ಲ. ಎಲೆ ಮೊದಲು ಜೋಲುತ್ತದೆ, ಹಳದಿಯಾಗುತ್ತದೆ, ಉದುರುತ್ತದೆ. ಗಿಡ ಸತ್ತ ಹಾಗೇ ಕಾಣುತ್ತದೆ. ಆಗ ಕೊಂಬೆ ಸವರಿ, ಬುಡಕ್ಕೆ ಗೊಬ್ಬರ ತುಂಬಿ, ಒಂದು ದಿನ ವಾಲ್ವ್ ತಿರುಗಿಸಿ ನೀರು ಬಿಡುತ್ತಾರೆ. ಕೆಲವೇ ವಾರಗಳಲ್ಲಿ ಗಿಡದ ತುಂಬ ಹೂ. ತೋಟದ ಮಾಲೀಕರು, ಎಲ್ಲರೂ ತಾತ್ಯಾ ಎಂದು ಕರೆಯುತ್ತಿದ್ದ ಅರವತ್ತರ ಮರಾಠಿ ರೈತ, ಒಡ್ಡಿನ ಮೇಲೆ ನಿಂತು ಇದನ್ನು ನನಗೆ ವಿವರಿಸಿದ್ದರು. ಸುಖವಾಗಿರುವ ಗಿಡ ಬರೀ ಎಲೆ ಬಿಡುತ್ತದೆ. ಸಾಯುತ್ತೇನೆ ಎಂದು ಹೆದರಿದ ಗಿಡ ಮಾತ್ರ ಮಕ್ಕಳ ಯೋಚನೆ ಮಾಡುತ್ತದೆ ಎಂದಿದ್ದರು. ನಾನು ಅದನ್ನು ಬಾಯಿಪಾಠ ಮಾಡಿಕೊಂಡೆ.

ಅಂಜೂರದ ಬಗ್ಗೆಯೂ ಒಂದು ಮಾತು ಹೇಳಬೇಕು, ಮುಂದೆ ಅದು ಬೇಕಾಗುತ್ತದೆ. ಅಂಜೂರದ ತೊಟ್ಟು ಮುರಿದರೆ ಬಿಳಿ ಹಾಲು ಸುರಿಯುತ್ತದೆ. ಆ ಹಾಲು ಚರ್ಮ ಸುಡುತ್ತದೆ. ಬಿಡಿಸುವ ಹೆಂಗಸರು ಕೈಗೆ ಎಣ್ಣೆ ಹಚ್ಚಿಕೊಳ್ಳುತ್ತಾರೆ, ಆದರೂ ಬೆರಳ ಸಂದು ಬಿರಿಯುತ್ತದೆ. ಅರೆಹಣ್ಣನ್ನು ಕದ್ದು ತಿಂದರೆ ತುಟಿ ಒಡೆಯುತ್ತದೆ. ತಾತ್ಯಾ ಯಾರ ಚೀಲವನ್ನೂ ತಡಕುತ್ತಿರಲಿಲ್ಲ. ಸಾಲಾಗಿ ನಿಂತವರ ತುಟಿ ನೋಡುತ್ತಿದ್ದರು, ಸಾಕು.

ಮಾಳತ್ತೆ ಸಂಕ್ರಾಂತಿಗೆ ಬಂದಳು. ಅವಳ ಗಂಡ ಭೀಮರಾಯ ರಾಂಜಣಗಾಂವದ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಮದುವೆಯಾಗಿ ಏಳು ವರ್ಷ, ಮಕ್ಕಳಿಲ್ಲ. ಅವನ ತಾಯಿ ಊರಲ್ಲಿ ಇನ್ನೊಂದು ಹುಡುಗಿಯನ್ನು ನೋಡಿಟ್ಟಿದ್ದಳು. ಭೀಮರಾಯ ಒರಟನಲ್ಲ, ಅದೇ ಕಷ್ಟ. ಹೆಂಡತಿಯನ್ನು ಮೋಟಾರ್‌ಸೈಕಲ್ಲಿನ ಮೇಲೆ ಕರೆತಂದು, ನಾಲ್ಕು ದಿನ ರಜೆ ಹಾಕಿ ಇದ್ದು, ಹೋಗುವಾಗ ಚಪ್ಪಲಿ ಮೆಟ್ಟುತ್ತ ಅಪ್ಪನಿಗೆ ಹೇಳಿದ.

"ಮಳಿ ಹಿಡಿಯೋತನಕ ಇಲ್ಲೇ ಇರ್ಲಿ ಮಾವ. ಅಷ್ಟರಾಗ ಏನರ ಆದ್ರ ಆಯ್ತು. ಇಲ್ಲಂದ್ರ ನಮ್ಮವ್ವನ ಬಾಯಿ ನನ್ನಿಂದ ಮುಚ್ಚಸಲಕ್ಕ ಆಗಂಗಿಲ್ಲ."

"ನಡುನಡುವ ಬರ್ತಿ ಇಲ್ಲೋ?" ಎಂದ ಅಪ್ಪ.

"ಸುಟ್ಟಿ ಸಿಕ್ರ ಬರ್ತಿನಿ."

ಆ ನಾಲ್ಕು ದಿನ ಕ್ರೇಟಿನ ಗೋಡೆ ಎತ್ತರವಾಗಿತ್ತು. ಅದರಾಚೆ ಅವರಿಬ್ಬರಿಗೆ ಜಾಗ ಮಾಡಿಕೊಟ್ಟು ನಾವು ಮೂವರು ಒಲೆಯ ಬದಿಯಲ್ಲಿ ಮಲಗಿದ್ದೆವು. ಭೀಮರಾಯ ಆಮೇಲೆ ಎರಡು ಸಲ ಬಂದ. ಎರಡು ಸಲವೂ ಮಧ್ಯಾಹ್ನ ಬಂದು ಚಹಾ ಕುಡಿದು ಸಂಜೆಯೊಳಗೆ ಹೋದ. ಮಾಳತ್ತೆಗೆ ಆಗ ಇಪ್ಪತ್ನಾಲ್ಕು ಇರಬೇಕು. ಕೂದಲಿಗೆ ಎಣ್ಣೆ ಹೆಚ್ಚು ಹಚ್ಚುತ್ತಿದ್ದಳು, ನಗುವಾಗ ಕೈಯಿಂದ ಬಾಯಿ ಮುಚ್ಚುತ್ತಿದ್ದಳು, ಕೆಲಸದಲ್ಲಿ ಅವ್ವನಿಗಿಂತ ಚುರುಕು. ಮಳೆ ಹಿಡಿಯುವುದರೊಳಗೆ ಅವಳ ಹೊಟ್ಟೆಯಲ್ಲಿ ಏನಾದರೂ ನಿಲ್ಲಬೇಕು, ಇಲ್ಲದಿದ್ದರೆ ಅವಳ ಸಂಸಾರ ನಿಲ್ಲುವುದಿಲ್ಲ. ಇದು ಶೆಡ್ಡಿನಲ್ಲಿ ಎಲ್ಲರಿಗೂ ಗೊತ್ತಿತ್ತು. ನನಗೂ ಗೊತ್ತಿತ್ತು, ಒಂಬತ್ತು ವರ್ಷದವರಿಗೆ ಗೊತ್ತಿರುವಷ್ಟು.

ಜನವರಿ ಕೊನೆಗೆ ಶಾಲೆಯಲ್ಲಿ ಧ್ವಜ ಹಾರಿಸುವ ದಿನ ಭಾಷಣ ಸ್ಪರ್ಧೆ. ನಾನು ಓದುತ್ತಿದ್ದುದು ಮರಾಠಿ ಶಾಲೆ. ಉಳಿದ ಮಕ್ಕಳು ದೇಶಭಕ್ತಿಯ ಬಗ್ಗೆ ಕೂಗಿದರು, ನಾನು ಸೀತಾಫಲದ ಬಾಯಾರಿಕೆಯ ಬಗ್ಗೆ ಮಾತಾಡಿದೆ. ಅತಿಥಿಯಾಗಿ ಬಂದವರು ತಾತ್ಯಾ. ತಮ್ಮದೇ ತೋಟ, ತಮ್ಮದೇ ಮಾತು ವೇದಿಕೆಯ ಮೇಲಿಂದ ಕೇಳಿ ಅವರಿಗೆ ಹಿಗ್ಗು. ಬಾಟಲಿಯನ್ನು ಕೈಗಿಟ್ಟು "ವಕೀಲಬಾಯಿ!" ಎಂದು ಬೆನ್ನು ತಟ್ಟಿದರು. ಆ ಹೆಸರು ಮನೆಗೂ ಬಂತು. ಸಂಜೆ ರೊಟ್ಟಿ ಬಡಿಯುವ ಹೊತ್ತಿಗೆ ಅಪ್ಪ ಅದೇ ಭಾಷಣವನ್ನು ಕನ್ನಡದಲ್ಲಿ ಮಾಡಿಸಿದ. ಟ್ರಂಕಿನ ಮೇಲೆ ನಿಂತು ಮಾಡಿದೆ. ಮುಗಿದಾಗ ಮಾಳತ್ತೆ ಒಲೆಗೆ ಕಟ್ಟಿಗೆ ದೂಡುವುದನ್ನು ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದಳು.

"ಖರೇನ ಸವೀ? ಒಣಗಿಸಿದ್ರ ಹೂ ಬಿಡ್ತದ?"

"ಖರೇ ಅತ್ತಿ. ಇನ್ನ ಎರಡು ತಿಂಗಳಿಗೆ ನೀನೇ ನೋಡ್ತಿ."

"ಬರೀ ಗಿಡಕ್ಕೇನ?"

ನನಗೆ ಬೆಳಗಿನ ಚಪ್ಪಾಳೆಯ ಅಮಲು ಇಳಿದಿರಲಿಲ್ಲ. ಗೊತ್ತಿಲ್ಲ ಎನ್ನಬಹುದಿತ್ತು. ಆ ಮಾತನ್ನು ನನ್ನ ನಾಲಿಗೆ ಕಲಿತದ್ದು ಬಹಳ ತಡವಾಗಿ.

"ಗಿಡಕ್ಕೂ ಜೀವ ಅದ, ಮನಶ್ಯಾಗೂ ಜೀವ ಅದ. ಎರಡೂ ನೀರು ಕುಡಿತಾವ, ಎರಡೂ ಉಸರಾಡ್ತಾವ. ಗಿಡಕ್ಕ ಆಗೋದು ಮನಶ್ಯಾಗ ಯಾಕ ಆಗಂಗಿಲ್ಲ?"

"ಬಾಯಿ ಮುಚ್ಚು!" ಎಂದಳು ಅವ್ವ, ಹಿಟ್ಟಿನ ಕೈ ಎತ್ತಿ. "ನೀರಿನ ಬಾಟ್ಲಿ ಗೆದ್ದು ಬಂದು ನೀರು ಕುಡಿಬ್ಯಾಡ ಅಂತ ಹೇಳ್ಲಕತ್ಯಾಳ ನೋಡು. ಗಿಡ ಬ್ಯಾರೆ, ಮಂದಿ ಬ್ಯಾರೆ."

"ಹ್ಯಾಂಗ ಬ್ಯಾರೆ? ಹೇಳು ನೋಡಮು."

"ಗಿಡ ನಿಂತಲ್ಲೇ ನಿಂತಿರ್ತದ. ಮಂದಿ ಬಿಸಲಾಗ ದುಡಿತಾರ, ಬೆವರ್ತಾರ."

"ಮತ್ತ ನೀ ಸೋಮಾರ ಉಪಾಸ ಯಾಕ ಮಾಡ್ತಿ? ಹಸದಿದ್ರ ದೇವರು ಕೊಡ್ತಾನಂತಿ. ಹಸದವರಿಗೆ ಕೊಡೋ ದೇವರು ನೀರಡಿಸಿದವರಿಗೆ ಕೊಡಂಗಿಲ್ಲೇನು?"

ಅವ್ವ ಮತ್ತೆ ಹಿಟ್ಟಿಗೆ ಕೈ ಹಾಕಿದಳು. ಅಪ್ಪ ತೊಡೆ ತಟ್ಟಿ ನಕ್ಕ. "ಹೋತು ನಿನ್ನ ಕೇಸು! ವಕೀಲಬಾಯಿ ಮುಂದ ನಿಂದೇನು ನಡಿತದ?"

ಈ ಸಂಭಾಷಣೆಯನ್ನು ನಾನು ಎಷ್ಟು ಸಲ ಬಿಚ್ಚಿ ನೋಡಿದ್ದೇನೋ. ಅವ್ವನ ಉತ್ತರ ಪೂರ್ಣವಾಗಿತ್ತು. ಗಿಡ ನಿಂತಿರುತ್ತದೆ, ಮನುಷ್ಯರು ದುಡಿದು ಬೆವರುತ್ತಾರೆ. ಅದಕ್ಕಿಂತ ಹೆಚ್ಚು ಹೇಳಬೇಕಾದದ್ದು ಇರಲಿಲ್ಲ. ನಾನು ಅದಕ್ಕೆ ಎದುರು ಹೇಳಲಿಲ್ಲ, ಪಕ್ಕಕ್ಕೆ ಜಿಗಿದೆ. ಗಿಡ ಬಿಟ್ಟು ದೇವರನ್ನು ಹಿಡಿದೆ. ಇಂಥ ಜಿಗಿತವನ್ನು ಚರ್ಚಾ ತಂಡದಲ್ಲಿ ಮೊದಲ ವಾರವೇ ಹಿಡಿದು ಬಯ್ಯುತ್ತಾರೆ. ನಮ್ಮ ಶೆಡ್ಡಿನಲ್ಲಿ ಬಯ್ಯುವವರಿರಲಿಲ್ಲ, ನಗುವವನೊಬ್ಬನಿದ್ದ. ಅಪ್ಪನ ಆ ನಗೆಯೇ ತೀರ್ಪಾಯಿತು.

ಮುಂದಿನ ಭಾನುವಾರ ಮಾಳತ್ತೆ ಜೇಜುರಿ ಗುಡ್ಡ ಹತ್ತಿದಳು. ಅಪ್ಪ, ನಾನು ಜೊತೆಗಿದ್ದೆವು. ನಮ್ಮ ಮೈಲಾರಲಿಂಗನೇ ಅಲ್ಲಿ ಖಂಡೋಬ, ಆದ್ದರಿಂದ ನಮ್ಮವರಿಗೆ ಅದು ಪರದೇಶದಲ್ಲಿ ಸಿಕ್ಕ ತವರು. ಮೆಟ್ಟಿಲೆಲ್ಲ ಅರಿಶಿನದ ಭಂಡಾರ, ಅಂಗಾಲು ಹಳದಿ. ಅವಳು ಭಂಡಾರ ತೂರಿ, ಕಣ್ಣು ಮುಚ್ಚಿ, ತುಟಿಯಲ್ಲೇ ಏನೋ ಹೇಳಿಕೊಂಡಳು. ಇಳಿಯುವಾಗ ಮೊದಲು ನನಗೇ ತಿಳಿಸಿದಳು. ಹೊತ್ತು ಮೂಡುವ ಮೊದಲು ಒಂದು ತಂಬಿಗೆ ನೀರು, ದೀಪ ಹಚ್ಚಿದ ಮೇಲೆ ಒಂದು ತಂಬಿಗೆ, ನಡುವೆ ಹನಿಯೂ ಇಲ್ಲ. ಸೀತಾಫಲಕ್ಕೆ ನೀರು ಬಿಡುವ ದಿನ ತಾನೂ ಹೊಟ್ಟೆ ತುಂಬ ಕುಡಿಯುವುದು. ನೆನಪಿಡಿ, ಮೈಲಾರಲಿಂಗ ಇದನ್ನು ಕೇಳಿರಲಿಲ್ಲ. ಹರಕೆಯ ಕರಾರು ಬರೆದುಕೊಟ್ಟವಳು ನಾನು, ಅವನು ಬರೀ ಸಾಕ್ಷಿ. ಆದರೆ ಹರಕೆ ಎಂಬ ಹೆಸರು ಬಿದ್ದದ್ದೇ ಮನೆಯಲ್ಲಿ ಎಲ್ಲರ ಬಾಯಿ ಕಟ್ಟಿತು. ಅವ್ವ ಎರಡು ದಿನ ಗೊಣಗಿದಾಗ ಅಪ್ಪ "ದೇವರ ಕೆಲಸದಾಗ ಅಡ್ಡ ಬರಬ್ಯಾಡ" ಎಂದ. ಮುಗಿಯಿತು.

ಫೆಬ್ರವರಿಯಲ್ಲಿ ಸೀತಾಫಲದ ಎಲೆ ಹಳದಿಯಾಯಿತು. ಶಾಲೆಯಿಂದ ಬಂದು ನಾನು ಅವಳ ಜೊತೆ ಉದುರಿದ ಎಲೆ ಗುಡಿಸುತ್ತಿದ್ದೆ. ಒಂದು ದಿನ ಪೊರಕೆ ಹಿಡಿದು ನಿಂತಲ್ಲೇ ನಿಂತು, ಸುತ್ತ ಯಾರೂ ಇಲ್ಲವೆಂದು ನೋಡಿ ಕೇಳಿದಳು.

"ಸವೀ, ಹೂ ಬಿಡೋಕಿಂತ ಮೊದಲ ಎಲ್ಲಾ ನಿಂತುಹೋಗ್ತದ, ಹೌದಿಲ್ಲೋ?"

"ಏನು ನಿಂತುಹೋಗ್ತದ?"

"ಗಿಡದಾಗಿಂದು. ಮೊದಲ ಎಲ್ಲಾ ನಿಲ್ತದ, ಉದುರ್ತದ. ಆಮ್ಯಾಲ ಹೂ. ನೀನೇ ಹೇಳಿದೆಲ್ಲ."

"ಹೌದು. ಎಲಿ ಉದುರ್ಲಕತ್ತು ಅಂದ್ರ ಕೆಲಸ ಹತ್ತೇದ ಅಂತ ಅರ್ಥ."

"ಮತ್ತ ಹೊಟ್ಟಿ ತೊಳಸಿದಂಗ ಆಗೋದು?"

"ಗಿಡಕ್ಕೂ ಸಂಕಟ ಆಗ್ತದ ಅತ್ತಿ. ಅದಕ್ಕ ಬಾಯಿಲ್ಲ, ಹೇಳಂಗಿಲ್ಲ."

ಅವಳು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಎಷ್ಟೋ ದಿನಕ್ಕೆ ನಕ್ಕದ್ದು. ನಾನೂ ನಕ್ಕೆ, ಯಾಕೆಂದು ಗೊತ್ತಿಲ್ಲದೆ.

ಅವಳ ಮುಟ್ಟು ನಿಂತದ್ದು ಅವ್ವನ ಕಣ್ಣಿಗೂ ಬಿದ್ದಿತ್ತು. ಒಂದೇ ಕೋಣೆಯಲ್ಲಿ ಅಂಥದ್ದು ಅಡಗುವುದಿಲ್ಲ. ಆದರೆ ಅವ್ವ ಏನೆಂದುಕೊಂಡಳು ಗೊತ್ತೆ? ನೀರಿಲ್ಲದೆ ಮೈ ಒಣಗಿದೆ, ಗಿಡದ ಹಾಗೆ. ವಾದದಲ್ಲಿ ನನ್ನ ವಿರುದ್ಧ ನಿಂತ ಒಬ್ಬಳೇ ಒಬ್ಬಳು ಕೂಡ ಅಷ್ಟು ಹೊತ್ತಿಗೆ ನನ್ನ ಕಡೆ ಬಂದಿದ್ದಳು. ಮಾಳತ್ತೆ ಬಾಯಿ ಬಿಡದೇ ಇದ್ದುದಕ್ಕೂ ಕಾರಣವಿತ್ತು. ಏಳು ವರ್ಷದಲ್ಲಿ ಎರಡು ಸಲ ನಾಲ್ಕಾರು ದಿನ ತಡವಾದದ್ದಕ್ಕೇ ಅತ್ತೆಗೆ ಹೇಳಿಬಿಟ್ಟು, ಆಮೇಲೆ ಓಣಿಯ ಮುಂದೆಲ್ಲ ನಗೆಪಾಟಲಾಗಿದ್ದಳು. ಈ ಸಲ ಅವಳಿಗೆ ಅಂಥ ಆಸೆ ಬೇಕಾಗಿಯೇ ಇರಲಿಲ್ಲ, ಬೇರೆ ವಿವರಣೆ ಸಿಕ್ಕಿತ್ತು. ಇದು ಎಲೆ ಉದುರುವ ಹಂತ. ಹೂವಿಗೆ ಇನ್ನೂ ಕಾಲವಿದೆ.

ಮಾರ್ಚ್ ಬಂತು. ಅಂಜೂರ ಹಣ್ಣಾಗತೊಡಗಿತು. ಕ್ರೇಟುಗಳು ಒಂದೊಂದಾಗಿ ತೋಟಕ್ಕೆ ಹೋದವು, ಮನೆಯ ಗೋಡೆ ಕರಗಿತು. ಬೆಳಗಿನ ಜಾವದಿಂದ ಹಣ್ಣು ಬಿಡಿಸುವುದು, ಅಂಜೂರದ ಎಲೆಯನ್ನೇ ಹಾಸಿ ಜೋಡಿಸುವುದು, ಬಿಸಿಲೇರುವುದರೊಳಗೆ ಗಾಡಿ ತುಂಬುವುದು. ಮಾಳತ್ತೆ ಏಣಿ ಹತ್ತುವಾಗ ಒಂದೊಂದು ಮೆಟ್ಟಿಲಿಗೂ ನಿಲ್ಲುವುದನ್ನು ನಾನು ನೋಡಿದೆ. ಅವಳ ತುಟಿ ಬಿರಿದು ಕಪ್ಪಗಾಗಿತ್ತು, ಕಣ್ಣು ಒಳಗೆ ಹೋಗಿತ್ತು. ಒಂದು ಭಾನುವಾರ ಮಧ್ಯಾಹ್ನ ನನ್ನ ಹಸಿರು ಬಾಟಲಿಯಲ್ಲಿ ಬಾವಿಯ ನೀರು ತುಂಬಿಕೊಂಡು ಅವಳು ಕೂತಿದ್ದ ಗಿಡದ ಬಳಿ ಹೋದೆ.

"ಅತ್ತಿ, ಕುಡಿ. ಯಾರೂ ನೋಡ್ಲಕತ್ತಿಲ್ಲ."

ಅವಳು ಬಾಟಲಿಯನ್ನು ಇಸಿದುಕೊಂಡು ಕೆನ್ನೆಗೆ ಒತ್ತಿಕೊಂಡಳು. ಆಮೇಲೆ ವಾಪಸ್ ಕೊಟ್ಟಳು.

"ನಡುವ ಒಮ್ಮೆ ನೀರು ಬಿಟ್ರ ಗಿಡ ಏನಾಗ್ತದ? ಭಾಷಣದಾಗ ಹೇಳಿದ್ದಿ."

ನಾನು ಬಾಟಲಿಯ ಮುಚ್ಚಳ ತಿರುಗಿಸಿದೆ.

"ಹೇಳಲೇ."

"ಬರೀ ಎಲಿ ಬರ್ತಾವ. ಹೂ ಬರಂಗಿಲ್ಲ."

"ಮತ್ತ?" ಎಂದಳು ಅವಳು, ಕ್ಲಾಸಿನಲ್ಲಿ ಟೀಚರ್ ಕೇಳುವ ಹಾಗೆ. ನನ್ನ ವಾದವನ್ನು ನನಗಿಂತ ಚೆನ್ನಾಗಿ ಕಲಿತಿದ್ದಳು. ಎರಡು ದಿನ ಬಿಟ್ಟು ತಾತ್ಯಾ ಒಡ್ಡಿನ ಮೇಲೆ ನಿಂತು, ಬಾವಿಯಲ್ಲಿ ನೀರು ಕಡಿಮೆ, ಇದ್ದದ್ದೆಲ್ಲ ಅಂಜೂರಕ್ಕೇ ಬೇಕು, ಸೀತಾಫಲ ಇನ್ನೂ ಹದಿನೈದು ದಿನ ತಡೆಯುತ್ತದೆ ಎಂದು ಅಪ್ಪನಿಗೆ ಹೇಳಿದರು. ಗಿಡಗಳು ತಡೆಯುವಂತೆಯೇ ಇದ್ದವು. ಮಾಳತ್ತೆ ಪಕ್ಕದಲ್ಲೇ ಬುಟ್ಟಿ ಹಿಡಿದು ನಿಂತಿದ್ದಳು. ಮರಾಠಿ ಅವಳಿಗೆ ಅಷ್ಟಾಗಿ ಬರುತ್ತಿರಲಿಲ್ಲ. ನಾನು ಕನ್ನಡದಲ್ಲಿ ಹೇಳಿದೆ. ಅವಳು ತಲೆ ಆಡಿಸಿದಳು.

ಮರುದಿನ ಬೆಳಿಗ್ಗೆ ತಾತ್ಯಾ ತುಟಿ ನೋಡುವ ದಿನ. ಸಾಲು ಹಿಡಿದು ಬರುತ್ತ ಮಾಳತ್ತೆಯ ಮುಂದೆ ನಿಂತರು. ತಾತ್ಯಾ ಕೆಟ್ಟವರಲ್ಲ, ಬಯ್ಯಲೂ ಇಲ್ಲ, ನಗುತ್ತಲೇ ಕೇಳಿದರು.

"ಕಾಯ ಗ ಮಾಳವ್ವಾ, ಅಂಜೀರ ಗೋಡ ಆಹೇತ ಕಾ?" ಏನವ್ವ, ಅಂಜೂರ ಸಿಹಿಯಾಗಿವೆಯಾ?

ಉಳಿದ ಹೆಂಗಸರು ಕಿಸಕ್ಕೆಂದರು. ಮಾಳತ್ತೆಗೆ ತುಟಿಯ ಮಾತೆಂದು ತಿಳಿಯಿತು. "ನಾ ತಿಂದಿಲ್ರಿ" ಎಂದಳು ಕನ್ನಡದಲ್ಲಿ. ಅಪ್ಪ ನೆಲ ನೋಡುತ್ತಿದ್ದ. ತಾತ್ಯಾ ನನ್ನ ಕಡೆ ತಿರುಗಿದರು.

"ನೀನು ಹೇಳು ವಕೀಲಬಾಯಿ. ತಿಂದಿಲ್ಲ ಅಂದ್ರೆ ತುಟಿ ಯಾಕೆ ಹೀಗಾಗಿದೆ?"

ಇಡೀ ಬಾಲ್ಯದಲ್ಲಿ ನನ್ನ ಮಾತು ನಿಜಕ್ಕೂ ಬೇಕಾದ ಒಂದು ಗಳಿಗೆ ಇದ್ದರೆ ಅದು. ಉತ್ತರ ನನ್ನ ಬಾಯಲ್ಲಿತ್ತು, ಮರಾಠಿಯಲ್ಲೇ ಇತ್ತು. ಆದರೆ ಬಾಯಾರಿಕೆ ಎಂದರೆ ಯಾಕೆ ಎಂದು ಕೇಳುತ್ತಾರೆ. ಯಾಕೆ ಎಂದರೆ ನನ್ನ ಭಾಷಣ ಬರುತ್ತದೆ. ಅವರೇ ಬೆನ್ನು ತಟ್ಟಿದ ಭಾಷಣ. ಎಲ್ಲರೂ ನಗುತ್ತಾರೆ, ಈ ಸಲ ನನ್ನನ್ನು ನೋಡಿ.

"ಗೊತ್ತಿಲ್ಲ" ಎಂದೆ.

ನಾಳೆಯಿಂದ ಇವಳು ಆಚೆ ಕಡೆ ಕೆಲಸ ಮಾಡಲಿ, ಅಂಜೂರ ಮುಟ್ಟುವುದು ಬೇಡ ಎಂದು ತಾತ್ಯಾ ಮುಂದೆ ಹೋದರು. ಅವರ ಲೆಕ್ಕಕ್ಕೆ ಅದು ಶಿಕ್ಷೆಯೇ ಅಲ್ಲ, ಬರೀ ಜಾಗ ಬದಲು. ಆದರೆ ಅಂಜೂರದ ಕಡೆ ನೆರಳಿತ್ತು, ಒದ್ದೆ ಮಣ್ಣಿತ್ತು. ಸೀತಾಫಲದ ಕಡೆ ಎಲೆಯೇ ಇರಲಿಲ್ಲ. ಬೋಳು ಗಿಡಗಳ ನಡುವೆ, ಬೆಳಗಿನಿಂದ ಸಂಜೆಯವರೆಗೆ, ಬುಡದ ಗುಂಡಿಗಳಿಗೆ ಬುಟ್ಟಿಯಲ್ಲಿ ಗೊಬ್ಬರ ಹೊತ್ತು ಸುರಿಯುವ ಕೆಲಸ.

ಅವಳು ನಾಲ್ಕನೆಯ ದಿನ ಬಿದ್ದಳು. ಶಾಲೆ ಬೆಳಗಿನ ಪಾಳಿಗೆ ಬದಲಾಗಿತ್ತು, ನಾನು ಮಧ್ಯಾಹ್ನವೇ ಮನೆಯಲ್ಲಿದ್ದೆ. ಅವ್ವ ಕೂಗಿದ್ದು ಕೇಳಿ ಒಡ್ಡು ಹತ್ತಿದೆ. ಮಾಳತ್ತೆ ಗೊಬ್ಬರದ ಗುಂಡಿಗೆ ಅಡ್ಡವಾಗಿ ಬಿದ್ದಿದ್ದಳು, ಬುಟ್ಟಿ ಕೈಯಲ್ಲೇ ಇತ್ತು. ಸೀರೆಯ ಹಿಂಭಾಗ ನೆನೆದಿತ್ತು. ಕೊನೆಗೂ ಯಾರೋ ನೀರು ಹಾಕಿದ್ದಾರೆ ಎಂದುಕೊಂಡೆ ನಾನು. ಹತ್ತಿರ ಹೋದ ಮೇಲೆ ಬಣ್ಣ ಕಂಡಿತು. ತಾತ್ಯಾ ಓಡಿಬಂದರು, ಅಂಜೂರದ ಗಾಡಿಯಿಂದ ಕ್ರೇಟುಗಳನ್ನು ಕೈಯಾರೆ ಕೆಳಗೆ ಎಸೆದರು, ತಾವೇ ಓಡಿಸಿಕೊಂಡು ಆಸ್ಪತ್ರೆಗೆ ಒಯ್ದರು. ದಾರಿಯುದ್ದಕ್ಕೂ ಅವ್ವ ಸೆರಗು ಒದ್ದೆ ಮಾಡಿ ಆ ಒಡೆದ ತುಟಿಗೆ ಹಿಂಡುತ್ತಿದ್ದಳು.

ಅಪ್ಪ ಭೀಮರಾಯನಿಗೆ ಫೋನು ಮಾಡಲು ಹೊರಗೆ ಹೋಗಿದ್ದ. ಅವ್ವನ ಮರಾಠಿ ಸಂತೆಯ ಮಟ್ಟದ್ದು. ಒಳಗಿನಿಂದ ಬಂದ ನರ್ಸ್ ಅವ್ವನಿಗೆ ಎರಡು ಸಲ ಹೇಳಿ, ಅರ್ಥವಾಗಲಿಲ್ಲವೆಂದು ಕಂಡು, ನನ್ನನ್ನು ಹತ್ತಿರ ಕರೆದಳು. ನಿನಗೆ ಮರಾಠಿ ಬರುತ್ತದಾ, ಹಾಗಾದರೆ ಅಮ್ಮನಿಗೆ ಹೇಳು ಎಂದಳು. ನಾನು ಹೇಳಿದೆ.

"ಅತ್ತಿ ಹೊಟ್ಟ್ಯಾಗ ಕೂಸಿತ್ತಂತ ಅವ್ವಾ. ಎರಡು ತಿಂಗಳ ಮ್ಯಾಲ ಆಗಿತ್ತಂತ. ಹೋತಂತ."

ಅವ್ವ ನನ್ನನ್ನು ಹೊಡೆಯಲಿಲ್ಲ. ಹೊಡೆಯುತ್ತಾಳೆಂದು ಕಾದೆ. ಅವಳು ಬೆಂಚಿನ ಮೇಲೆ ಕೂತು ಬೆರಳು ಮಡಚಿ ಎಣಿಸತೊಡಗಿದಳು. ಮಾಳತ್ತೆ ಬಂದ ದಿನ, ಸಂಕ್ರಾಂತಿಗೆ ಮುಂಚಿನ ಮುಟ್ಟಿನ ತಲೆಸ್ನಾನ, ಗಂಡ ಇದ್ದ ನಾಲ್ಕು ದಿನ. ಎಣಿಸಿ ಮುಗಿಸಿ, ಮೊದಲಿಂದ ಮತ್ತೆ ಎಣಿಸಿದಳು. ಆ ಎಣಿಕೆ ಏನು ಹೇಳಿತು ಎಂಬುದು ನನಗೆ ಅರ್ಥವಾಗಲು ಇನ್ನೂ ಐದಾರು ವರ್ಷ ಬೇಕಾಯಿತು. ನಾನು ಟ್ರಂಕಿನ ಮೇಲೆ ನಿಂತು ಭಾಷಣ ಮಾಡಿದ ಸಂಜೆ ಕೂಸು ಆಗಲೇ ಇತ್ತು. ಏನನ್ನು ಕೇಳಲು ಅವಳು ಗುಡ್ಡ ಹತ್ತಿದಳೋ ಅದು ಅವಳ ಬಳಿ ಆಗಲೇ ಇತ್ತು. 'ಅವಳು ಸುಮ್ಮನೆ ನೀರು ಕುಡಿದುಕೊಂಡು ಇದ್ದಿದ್ದರೆ' ಎಂಬ ವಾಕ್ಯವನ್ನು ನಾನು ಇವತ್ತಿಗೂ ಪೂರ್ತಿ ಮಾಡುವುದಿಲ್ಲ.

ಉಳಿದದ್ದು ಬೇಗ ಹೇಳಬಹುದು. ಮೂತ್ರಕೋಶಕ್ಕೆ ಸೋಂಕು ತಗುಲಿ ಅವಳು ಮೂರು ವಾರ ಮಲಗಿದಳು. ಭೀಮರಾಯ ಒಮ್ಮೆ ಬಂದು, ಕಾಲಬುಡದಲ್ಲಿ ಕೂತು ಅತ್ತು ಹೋದ. ಮಳೆ ಹಿಡಿದ ಮೇಲೆ ಊರಲ್ಲಿ ಅವನ ಮದುವೆಯಾಯಿತು. ಅವಳು ತೋಟಕ್ಕೆ ಮರಳಿದಾಗ ಸೀತಾಫಲ ಎಲೆ ಹೂವು ಎರಡೂ ಬಿಟ್ಟು ನಿಂತಿತ್ತು. ಆ ಹೂವಿಗೆ ದುಂಬಿ ಸಾಲುವುದಿಲ್ಲ, ಬೆಳಗಿನ ಹೊತ್ತು ಸಣ್ಣ ಕುಂಚದಿಂದ ಪರಾಗ ಮುಟ್ಟಿಸಬೇಕು. ಭಾರ ಎತ್ತಲಾಗದವಳೆಂದು ಆ ಕೆಲಸ ಅವಳಿಗೆ ಬಂತು. ಅವಳು ಮುಟ್ಟಿದ ಸಾಲುಗಳಲ್ಲಿ ಹಣ್ಣು ದುಂಡಗೆ, ತುಂಬಿ ಬಂದವು. ಅವಳ ಕೈಗುಣ ಎಂದರು ಹೆಂಗಸರು. ಅವಳೆದುರೇ ಅಂದರು.

ನಾನು ಏನಾದೆ? ಎರಡು ಸಂಗತಿ ಒಂದೇ ಎಂದು ಯಾರಾದರೂ ಹೇಳಿದ ಕೂಡಲೇ ಎರಡರ ನಡುವೆ ಬೇರೆ ಏನಿದೆ ಎಂದು ಕೇಳುವವಳಾದೆ. ಪ್ರವಚನಕಾರರನ್ನು ಕೇಳಿದೆ, ಪ್ರೊಫೆಸರರನ್ನು ಕೇಳಿದೆ, ದೇಶವೆಂದರೆ ತಾಯಿ ಎನ್ನುವವರನ್ನೂ ಕಾರ್ಖಾನೆಯೆಂದರೆ ಕುಟುಂಬ ಎನ್ನುವವರನ್ನೂ ಕೇಳಿದೆ. ಎದುರಾಳಿಗಳು ನನ್ನನ್ನು ಒಣಕಲು ಎಂದರು. ಸಂಶಯವನ್ನು ನಾನು ಯಾವ ಪುಸ್ತಕದಿಂದಲೂ ಕಲಿಯಲಿಲ್ಲ. ಅದು ಒಲೆಯ ಮುಂದೆ ಹಿಟ್ಟಿನ ಕೈ ಎತ್ತಿ ಅವ್ವ ಹೇಳಿದ ಮಾತು, ಗಿಡ ಬ್ಯಾರೆ, ಮಂದಿ ಬ್ಯಾರೆ. ಅವ್ವ ಸೋತಳು, ಅವಳ ಮಾತನ್ನು ನಾನು ಕದ್ದುಕೊಂಡು ಬದುಕಿದೆ.

ಈ ವರ್ಷ ಮಾರ್ಚಿನಲ್ಲಿ ತೋಟಕ್ಕೆ ಹೋಗಿದ್ದೆ. ತಾತ್ಯಾ ತೀರಿಕೊಂಡಿದ್ದಾರೆ, ಮಗ ನೋಡಿಕೊಳ್ಳುತ್ತಾನೆ. ಮಾಳತ್ತೆಗೆ ಈಗ ನಲವತ್ತು ದಾಟಿದೆ, ಹೆಂಗಸರ ಗುಂಪಿಗೆ ಅವಳೇ ಮುಖ್ಯಸ್ಥೆ, ಮರಾಠಿಯಲ್ಲಿ ನನಗಿಂತ ಚೆನ್ನಾಗಿ ಬಯ್ಯುತ್ತಾಳೆ. ಇಬ್ಬರೂ ಒಡ್ಡಿನ ಮೇಲೆ ಕೂತಿದ್ದೆವು. ಒಂದು ಕಡೆ ಅಂಜೂರದ ಹಸಿರು, ಇನ್ನೊಂದು ಕಡೆ ಬೋಳು ಕೊಂಬೆ. ಹದಿನೆಂಟು ವರ್ಷ ಹೊತ್ತದ್ದನ್ನು ಇಳಿಸಬೇಕೆಂದೇ ಹೋಗಿದ್ದೆ.

"ಅತ್ತಿ, ಅವತ್ತು ನಾ ಹೇಳಿದ್ದು ತಪ್ಪು. ಗಿಡದ ಮಾತು."

"ತಪ್ಪು ಹ್ಯಾಂಗ?" ಎಂದಳು ಅವಳು, ನಿಜಕ್ಕೂ ಅಚ್ಚರಿಯಿಂದ. "ಏಳು ವರ್ಷ ಆಗದಿದ್ದು ಎರಡು ತಿಂಗಳದಾಗ ಆಯ್ತಲ್ಲ! ನಿನ್ನ ಮಾತು ಖರೇ ಆಯ್ತು ಸವೀ. ಹೂ ಬಿಟ್ಟಿತ್ತು. ತಾತ್ಯಾ ನೀರು ಬಿಡೋದು ತಡಾ ಮಾಡಿದ, ಅಷ್ಟೇ. ನಾ ಬಂಜಿ ಅಲ್ಲ ಅಂತ ನಿನ್ನಿಂದ ಗೊತ್ತಾಯ್ತು."

ನನ್ನ ಬಳಿ ಉತ್ತರವಿತ್ತು. ಅವ್ವ ಬೆರಳು ಮಡಚಿ ಎಣಿಸಿ ಯಾರಿಗೂ ಹೇಳದೆ ಬಿಟ್ಟ ದಿನಗಳಿದ್ದವು. ಎರಡೇ ವಾಕ್ಯ ಸಾಕಿತ್ತು, ಈ ವಾದ ನನ್ನದಾಗುತ್ತಿತ್ತು, ನನ್ನ ಜೀವನದ ಅತ್ಯಂತ ಬಿಗಿಯಾದ ವಾದ. ಗೆದ್ದ ಮೇಲೆ ಅವಳ ಕೈಯಲ್ಲಿ ಉಳಿಯುವುದು ಏನು ಎಂದು ಯೋಚಿಸಿದೆ. ಅವಳು ತಾಳಿದ ನೀರಡಿಕೆ ಏನನ್ನೂ ತರಲಿಲ್ಲ, ಇದ್ದದ್ದನ್ನು ಒಯ್ದಿತು ಎಂಬುದು. ಒಮ್ಮೆ ಹೇಡಿತನದಿಂದ ಸುಮ್ಮನಿದ್ದವಳು ನಾನು. ಈ ಸಲದ ಮೌನ ಅದಕ್ಕಿಂತ ಬೇರೆಯೇ? ಬೇರೆ ಎಂದು ನಂಬಲು ಇಷ್ಟ. ಖಚಿತವಿಲ್ಲ.

ಅವಳು ಎದ್ದು ವಾಲ್ವ್ ಇದ್ದ ಕಡೆ ನಡೆದಳು. ಕೂತು, ಅದರ ಹಿಡಿಯ ಮೇಲೆ ಕೈಯಿಟ್ಟು, ನನ್ನ ಕಡೆ ತಿರುಗಿದಳು.

"ತಾತ್ಯಾನ ಮಗ ಇನ್ನ ಎಂಟು ದಿನ ತಡಿ ಅಂದಾನ. ಪ್ರತಿ ವರ್ಷ ಅಂತಾನ, ಪ್ರತಿ ವರ್ಷ ನಾ ಕೇಳಂಗಿಲ್ಲ. ನೀ ಏನಂತಿ ವಕೀಲಬಾಯಿ?"

"ಬಿಡು ಅತ್ತಿ" ಎಂದೆ.

ಅವಳು ಎರಡೂ ಕೈ ಹಾಕಿ ತಿರುಗಿಸಿದಳು. ಪೈಪಿನೊಳಗೆ ಗಾಳಿ ಕೆಮ್ಮಿತು, ಆಮೇಲೆ ನೀರು ಬಂತು. ಜೋಡಣೆಯ ಬಳಿ ಸೋರಿದ ಮೊದಲ ನೀರಿಗೆ ಬೊಗಸೆ ಒಡ್ಡಿ ಕುಡಿದಳು. ಸಾಕಾಗುವಷ್ಟು ಕುಡಿದು, ಬಾಯಿ ಒರೆಸಿಕೊಂಡು, ನನಗೆ ಜಾಗ ಬಿಟ್ಟಳು.